ಕಿತ್ತುಹೋದ ಸ್ಪಾರ್ಕ್ ಪ್ಲಗ್ ಥ್ರೆಡ್: ಹೆಡ್ ಇಳಿಸದೆ ಸರಿಪಡಿಸುವ ಬಗೆ

ಪ್ಲಗ್ ಬಿಗಿಯುತ್ತಿರುವಾಗ ಕೈಗೆ ಸಿಗುತ್ತಿದ್ದ ಬಿಗಿ ಒಮ್ಮೆಲೇ ಮಾಯವಾಗುತ್ತದೆ. ಸಾಕೆಟ್ ತಿರುಗುತ್ತಲೇ ಇರುತ್ತದೆ, ಪ್ಲಗ್ ಮಾತ್ರ ಕೂರುವುದಿಲ್ಲ. ಹಿಂದಕ್ಕೆ ತಿರುಗಿಸಿ ಹೊರತೆಗೆದರೆ ಪ್ಲಗ್ಗಿನ ಮೈಗೆ ಅಲ್ಯೂಮಿನಿಯಂ ಎಳೆಯೊಂದು ಸ್ಪ್ರಿಂಗಿನಂತೆ ಸುತ್ತಿಕೊಂಡು ಬರುತ್ತದೆ. ಥ್ರೆಡ್ (ಪ್ಲಗ್ಗನ್ನು ಹಿಡಿದಿಡುವ ತಿರುಪಿನ ಸುತ್ತು) ಸ್ಲಿಪ್ ಆಗಿದೆ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಹಳೆಯ ಕಾರು ಕೊಂಡವರಿಗೆ ಇದು ಹೆಚ್ಚಾಗಿ ಎದುರಾಗುವುದು ಮೊದಲ ಸರ್ವಿಸ್ ದಿನ. ತಪ್ಪು ಹಿಂದೆ ಯಾರದೋ, ಫಲ ನಿಮ್ಮದು.

ತಕ್ಷಣ ಹೆಡ್ (ಸಿಲಿಂಡರ್‌ಗಳ ಮೇಲಿನ, ಪ್ಲಗ್ ಕೂರುವ ಲೋಹದ ಮುಚ್ಚಳ) ಬದಲಿಸಬೇಕು ಎನ್ನುವವರು ಸಿಗುತ್ತಾರೆ. ವಯಸ್ಸಾದ ಕಾರಿಗೆ ಅದು ಮೂಗಿಗಿಂತ ಮೂಗುತಿ ಭಾರವಾದಂತೆ. ಇನ್ನು ಕೆಲವರು ಅಂಟು ಮೆತ್ತಿ ಪ್ಲಗ್ ಕೂರಿಸಿ ಕಳಿಸುತ್ತಾರೆ. ಅದು ದುರಸ್ತಿಯೇ ಅಲ್ಲ. ಇವೆರಡರ ನಡುವೆ ಒಂದು ಸರಿಯಾದ ದಾರಿ ಇದೆ: ಕೆಟ್ಟ ಥ್ರೆಡ್ಡನ್ನು ದೊಡ್ಡ ಅಳತೆಗೆ ಕೊರೆದು, ಒಳಗೆ ಉಕ್ಕಿನ ಬುಶ್ (ಥ್ರೆಡ್ ಇರುವ ಕೊಳವೆ) ಅಥವಾ ಸುರುಳಿ ಕೂರಿಸಿ, ಅದರೊಳಗೆ ಮೂಲ ಅಳತೆಯ ಪ್ಲಗ್ ಹಾಕುವುದು. ಹೊಸ ಥ್ರೆಡ್ ಕೊರೆಯಲು ನಿಜವಾಗಿ ಹಿಡಿಯುವುದು ಹದಿನೈದು ನಿಮಿಷ. ದಿನದ ಉಳಿದ ಹೊತ್ತೆಲ್ಲ ಎರಡು ವಿಷಯಗಳಿಗೆ ಮೀಸಲು: ಥ್ರೆಡ್ ಕೊರೆಯುವ ಉಪಕರಣವಾದ ಟ್ಯಾಪ್ ನೇರವಾಗಿ ಇಳಿಯುವಂತೆ ನೋಡಿಕೊಳ್ಳುವುದು ಮತ್ತು ಲೋಹದ ಚೂರು ಸಿಲಿಂಡರಿನಲ್ಲಿ ಉಳಿಯದಂತೆ ನೋಡಿಕೊಳ್ಳುವುದು.

ಥ್ರೆಡ್ ಏಕೆ ಕಿತ್ತುಬರುತ್ತದೆ

ಈಗಿನ ಬಹುಪಾಲು ಪೆಟ್ರೋಲ್ ಎಂಜಿನ್‌ಗಳ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಪ್ಲಗ್ಗಿನ ಕವಚ ಉಕ್ಕಿನದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿ ಎಂಜಿನ್‌ನಲ್ಲಿ ಈ ಲೋಹ ಮೆತ್ತಗೂ ಇರುತ್ತದೆ. ಆ ಸ್ಥಿತಿಯಲ್ಲಿ ಪ್ಲಗ್ ಬಿಚ್ಚಿದರೆ ಮೆತ್ತಗಿನ ಲೋಹ ಗಟ್ಟಿ ಲೋಹಕ್ಕೆ ಅಂಟಿಕೊಂಡು ಕಿತ್ತುಬರುತ್ತದೆ. ಇನ್ನೊಂದು ಕಾರಣ ಅತಿಯಾಗಿ ಬಿಗಿಯುವುದು. ಮೂರನೆಯದು ಪ್ಲಗ್ಗನ್ನು ಓರೆಯಾಗಿ ಹಿಡಿಸಿ, ಕೈಯಲ್ಲಿ ತಿರುಗದಿದ್ದಾಗ ರ್‍ಯಾಚೆಟ್ ಹಾಕಿ ಒತ್ತಾಯದಿಂದ ಇಳಿಸುವುದು. ವರ್ಷಗಟ್ಟಲೆ ಬಿಚ್ಚದೆ ಬಿಟ್ಟ ಪ್ಲಗ್ಗಿನ ತುದಿಯ ಥ್ರೆಡ್ಡಿಗೆ ಇಂಗಾಲ ಕಟ್ಟಿ, ಹೊರಬರುವಾಗ ಅದು ಉಪ್ಪುಕಾಗದದಂತೆ ಉಜ್ಜುವುದೂ ಉಂಟು.

ಕೆಲವೊಮ್ಮೆ ವಿನ್ಯಾಸದ ಪಾಲೂ ಇರುತ್ತದೆ. ಫೋರ್ಡ್‌ನ 4.6 ಮತ್ತು 5.4 ಲೀಟರ್ ಎರಡು-ವಾಲ್ವ್ ವಿ8 ಎಂಜಿನ್‌ಗಳ ಹಳೆಯ ಹೆಡ್‌ಗಳಲ್ಲಿ ಪ್ಲಗ್ಗನ್ನು ಹಿಡಿದಿಡುವ ಥ್ರೆಡ್ ಸುತ್ತುಗಳೇ ಕಡಿಮೆ ಇದ್ದವು. ಓಡುತ್ತಿರುವಾಗಲೇ ಪ್ಲಗ್ ಹೊರಕ್ಕೆ ಚಿಮ್ಮುವುದಕ್ಕೆ ಅವು ಹೆಸರಾದವು.

ಚಿಮ್ಮುವ ಬಲ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. 14 ಮಿಲಿಮೀಟರ್ ಪ್ಲಗ್ಗಿನ ಅಡ್ಡಕೊಯ್ತ ಸುಮಾರು 1.54 ಚದರ ಸೆಂಟಿಮೀಟರ್. ಪೂರ್ತಿ ಹೊರೆಯಲ್ಲಿ ಸಿಲಿಂಡರಿನ ಒಳಗೆ 60 ಬಾರ್ ಒತ್ತಡ ಏರಿದರೆ ಪ್ಲಗ್ಗನ್ನು ಹೊರದೂಡುವ ಬಲ ಸುಮಾರು 920 ನ್ಯೂಟನ್, ಅಂದರೆ ತೊಂಬತ್ತು ಕಿಲೋಗಿಂತ ಹೆಚ್ಚು ಭಾರ. ಅದೂ ನಿಮಿಷಕ್ಕೆ ಸಾವಿರಾರು ಸಲ. ಅಂಟಿನ ದುರಸ್ತಿ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮೊದಲು ರೋಗ ಗುರುತಿಸಿ

ಪ್ಲಗ್ ಕೈಗೇ ಬಂದಿದ್ದರೆ ಅನುಮಾನವಿಲ್ಲ. ಅದು ಇನ್ನೂ ಜಾಗದಲ್ಲೇ ಇದ್ದು ಎಂಜಿನ್ ಟಿಕ್ ಟಿಕ್ ಎನ್ನುತ್ತಿದ್ದರೆ ಪರೀಕ್ಷೆ ಬೇಕು. ವೇಗ ಏರಿದಂತೆ ಏರುವ ಆ ಸದ್ದು ವಾಲ್ವಿನದೂ ಇರಬಹುದು, ಎಕ್ಸಾಸ್ಟ್ ಗಾಸ್ಕೆಟ್ಟಿನದೂ ಇರಬಹುದು. ಪ್ಲಗ್ಗಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ತೆಗೆದು, ಪ್ಲಗ್ ಕೂತಿರುವ ಬಾವಿಗೆ ಸಾಬೂನು ನೀರನ್ನು ಸ್ವಲ್ಪವೇ ಹನಿಸಿ, ಇಂಜೆಕ್ಟರ್‌ಗಳ ಸಂಪರ್ಕ ಕಳಚಿ, ಇನ್ನೊಬ್ಬರಿಂದ ಸ್ಟಾರ್ಟರ್ ಒಂದೆರಡು ಸೆಕೆಂಡ್ ತಿರುಗಿಸಿ. ಗುಳ್ಳೆ ಎದ್ದರೆ ಸೋರಿಕೆ ಅಲ್ಲೇ. ಸ್ಕ್ಯಾನರ್ ಹಾಕಿದರೆ ಪಿ0301ರಿಂದ ಪಿ0304ರವರೆಗಿನ ಮಿಸ್‌ಫೈರ್ ಕೋಡ್‌ಗಳಲ್ಲಿ ಒಂದು ಕಂಡೀತು. ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಆದರೆ ಕೋಡ್ ಹೇಳುವುದು ಯಾವ ಸಿಲಿಂಡರ್ ಎಂಬುದನ್ನಷ್ಟೇ, ಏಕೆ ಎಂಬುದನ್ನಲ್ಲ.

ಬಾವಿಯಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ಅದು ಬೇರೆ ಕಾಯಿಲೆ: ವಾಲ್ವ್ ಕವರಿನ ಸೀಲ್ ಹೋಗಿದೆ. ಅದನ್ನೂ ಇದೇ ಸಲಕ್ಕೆ ಬದಲಿಸಿಬಿಡಿ.

ಪ್ಲಗ್ ತೆಗೆದ ಮೇಲೆ ರಂಧ್ರಕ್ಕೆ ಬೆಳಕು ಬಿಟ್ಟು ನೋಡಿ. ಮೊಬೈಲಿಗೆ ಜೋಡಿಸುವ ತೆಳು ಕೇಬಲ್ ಕ್ಯಾಮೆರಾ ಇದ್ದರೆ ಒಳ್ಳೆಯದು. ಈ ಕೆಲಸಕ್ಕೆ ಅದು ಐಷಾರಾಮವಲ್ಲ, ಅಗತ್ಯ. ನೋಡಬೇಕಾದದ್ದು ನಾಲ್ಕು. ಮೇಲಿನ ಎರಡು ಮೂರು ಸುತ್ತು ಮಾತ್ರ ಹಾಳಾಗಿದೆಯೋ, ಪೂರ್ತಿ ಹೋಗಿದೆಯೋ? ರಂಧ್ರ ಇನ್ನೂ ದುಂಡಗಿದೆಯೋ, ಓರೆ ಪ್ಲಗ್ ಇಳಿದು ಮೊಟ್ಟೆಯಾಕಾರವಾಗಿದೆಯೋ? ಪ್ಲಗ್ ಕೂರುವ ಸೀಟ್ ನುಣುಪಾಗಿದೆಯೋ? ಕೊನೆಯದಾಗಿ, ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದನ್ನು ಮರೆಯಲೇಬಾರದು: ಈ ಮೊದಲೇ ಯಾರಾದರೂ ಇಲ್ಲಿ ಸುರುಳಿ ಕೂರಿಸಿದ್ದಾರೆಯೇ? ಅಲ್ಯೂಮಿನಿಯಂ ಮಂಕಾದ ಬೂದು ಬಣ್ಣದ್ದು. ಅದರ ನಡುವೆ ಹೊಳೆಯುವ ಉಕ್ಕಿನ ಎಳೆ ಕಂಡರೆ ಹಳೆಯ ದುರಸ್ತಿ ಎಂದು ತಿಳಿಯಿರಿ. ಪ್ಲಗ್ಗಿನ ಜೊತೆ ಹೊರಬಂದ ಸ್ಪ್ರಿಂಗ್ ಉಕ್ಕಿನದಾಗಿದ್ದರೂ ಅದೇ ಅರ್ಥ.

ಪ್ಲಗ್ ರಂಧ್ರದಿಂದ ವಾಲ್ವ್ ಸೀಟಿನ ಕಡೆಗೆ ಕೂದಲೆಳೆಯಂಥ ಬಿರುಕು ಕಂಡರೆ ಇಲ್ಲಿಗೇ ನಿಲ್ಲಿಸಿ. ಪ್ಲಗ್ ಒಳಗೇ ಮುರಿದು ಕೂತಿದ್ದರೆ, ರಂಧ್ರ ತೀರಾ ಓರೆಯಾಗಿದ್ದರೆ, ಎರಡು ಸಲ ದುರಸ್ತಿಯಾಗಿ ಗೋಡೆ ತೆಳ್ಳಗಾಗಿದ್ದರೆ ಆಗಲೂ ಅಷ್ಟೇ. ಹೆಡ್ ಇಳಿಸಿ ಮಷೀನ್ ಶಾಪಿಗೆ ಒಯ್ಯಬೇಕು. ಅವರು ವೆಲ್ಡ್ ತುಂಬಿ ಹೊಸದಾಗಿ ಕೊರೆಯುತ್ತಾರೆ. ಪ್ಲಗ್ಗಿನ ಸುತ್ತ ಕೂಲಂಟ್ ಹರಿಯುವ ಕಾಲುವೆಗಳಿರುತ್ತವೆ ಎಂಬುದು ನೆನಪಿರಲಿ. 12 ಅಥವಾ 10 ಮಿಲಿಮೀಟರ್ ಪ್ಲಗ್ ಇರುವ ಹೊಸ ಹೆಡ್‌ಗಳಲ್ಲಿ ಕೊರೆಯಲು ಸಿಗುವ ಲೋಹವೇ ಕಡಿಮೆ.

ಯಾವ ದುರಸ್ತಿ

ಮೇಲಿನ ಒಂದೆರಡು ಸುತ್ತು ಮಾತ್ರ ನಜ್ಜಿದ್ದರೆ ಏನನ್ನೂ ಕೊರೆಯಬೇಡಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಥ್ರೆಡ್ ಚೇಸರ್ ಸಾಕು. ಅದು ಲೋಹ ಕತ್ತರಿಸುವುದಕ್ಕಿಂತ ಬಾಗಿದ ಥ್ರೆಡ್ಡನ್ನು ಸರಿದಾರಿಗೆ ತರುತ್ತದೆ. ಇದರಲ್ಲೇ ಒಳಗಿನಿಂದ ಹೊರಕ್ಕೆ ಕೆಲಸ ಮಾಡುವ ಒಂದು ಬಗೆ ಇದೆ. ಮಡಿಸಿಕೊಂಡ ಟ್ಯಾಪನ್ನು ರಂಧ್ರದೊಳಗೆ ತೂರಿಸಿ, ಒಳಗೆ ಅಗಲಿಸಿ, ಕೆಳಗಿನ ಒಳ್ಳೆಯ ಥ್ರೆಡ್ಡನ್ನು ಹಿಡಿಸಿಕೊಂಡು ಮೇಲಕ್ಕೆ ತಿರುಗಿಸುತ್ತಾ ಬರುವುದು. ದಾರಿ ತಪ್ಪುವ ಭಯವಿಲ್ಲ, ಚೂರು ಕೂಡ ಹೊರಗೇ ಬರುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅತಿ ಕಡಿಮೆ ಬಳಕೆಯಾಗಿ ಅತಿ ಹೆಚ್ಚು ಸಲ ಮಾನ ಉಳಿಸಿದ ಸಾಧನ ಇದು.

ಥ್ರೆಡ್ ಪೂರ್ತಿ ಹೋಗಿದ್ದರೆ ಆಯ್ಕೆ ಎರಡು. ಮೊದಲನೆಯದು ತಂತಿಯ ಸುರುಳಿ. ಹೆಲಿಕಾಯಿಲ್ ಎಂಬ ಬ್ರ್ಯಾಂಡಿನ ಹೆಸರೇ ಈಗ ಅದರ ಹೆಸರಾಗಿದೆ. ವಜ್ರಾಕಾರದ ಅಡ್ಡಕೊಯ್ತದ ಸ್ಟೇನ್‌ಲೆಸ್ ಉಕ್ಕಿನ ತಂತಿಯನ್ನು ಸುತ್ತಿ ಮಾಡಿದ್ದು, ರಂಧ್ರಕ್ಕಿಂತ ತುಸು ದಪ್ಪ. ಒಳಗೆ ಕೂತ ಮೇಲೆ ಹೊರಕ್ಕೆ ಒತ್ತಿಕೊಂಡು ಹಿಡಿಯುತ್ತದೆ. ಎರಡನೆಯದು ಗಟ್ಟಿ ಬುಶ್, ಟೈಮ್-ಸರ್ಟ್ ಬಗೆಯದು. ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಕೊಳವೆ, ತಲೆಯಲ್ಲಿ ಸಣ್ಣ ಅಂಚು.

ಬೋಲ್ಟ್ ರಂಧ್ರಗಳಿಗೆ ನಾನು ಸುರುಳಿಯನ್ನೇ ಬಳಸುತ್ತೇನೆ, ಚೆನ್ನಾಗಿಯೇ ನಿಲ್ಲುತ್ತದೆ. ಪ್ಲಗ್ಗಿಗೆ ಮಾತ್ರ ಬುಶ್ ಮೇಲು ಎನ್ನುವುದು ನನ್ನ ಪಕ್ಷ. ಪ್ಲಗ್ಗನ್ನು ಮತ್ತೆ ಮತ್ತೆ ಬಿಚ್ಚುತ್ತೇವೆ, ಇಂಗಾಲ ಕಟ್ಟಿದ ಪ್ಲಗ್ ಹೊರಬರುವಾಗ ಸುರುಳಿಯನ್ನೂ ಎಳೆದುಕೊಂಡು ಬರಬಹುದು. ಇನ್ನೂ ಒಂದು ಅಂಶ ಇದೆ. ಪ್ಲಗ್ಗಿನ ಶಾಖ ಹೆಡ್ಡಿಗೆ ಇಳಿಯುವುದು ಹೆಚ್ಚಾಗಿ ಥ್ರೆಡ್ ಮತ್ತು ಸೀಟಿನ ಮೂಲಕ. ಒಳಗೆ ಕೂರಿಸಿದ ಬುಶ್ ಅಥವಾ ಸುರುಳಿ ಸಡಿಲವಾಗಿದ್ದರೆ ಆ ದಾರಿ ಕೆಟ್ಟು ಪ್ಲಗ್ ಕಾದು ಕೆಂಪಾಗುತ್ತದೆ. ಆದರೆ ಕಿಟ್ ದುಬಾರಿಯಾಯಿತು ಎಂದು ಸುರುಳಿ ಹಾಕುವವರನ್ನು ತಪ್ಪೆನ್ನಲಾರೆ. ನೇರವಾಗಿ ಕೂತ ಸುರುಳಿ, ಓರೆಯಾಗಿ ಕೂತ ಬುಶ್ಶಿಗಿಂತ ನೂರು ಪಾಲು ವಾಸಿ.

ಕಿಟ್ ಕೊಳ್ಳುವ ಮುನ್ನ ಮೂರು ಅಳತೆ ಬರೆದುಕೊಳ್ಳಿ: ಥ್ರೆಡ್ಡಿನ ವ್ಯಾಸ ಮತ್ತು ಪಿಚ್, ಅಂದರೆ ಸುತ್ತುಗಳ ನಡುವಿನ ಅಂತರ (ಹೆಚ್ಚಿನ ಕಾರುಗಳಲ್ಲಿ 14 ಮಿ.ಮೀ., 1.25 ಪಿಚ್), ಥ್ರೆಡ್ ಭಾಗದ ಉದ್ದ (19 ಮಿ.ಮೀ. ಸಾಮಾನ್ಯ, 12.7 ಮತ್ತು 26.5 ಕೂಡ ಇವೆ), ಸೀಟಿನ ಬಗೆ. ಸೀಟ್ ಸಪಾಟಾಗಿದ್ದರೆ ಪ್ಲಗ್ಗಿಗೆ ವಾಷರ್ ಇರುತ್ತದೆ. ಇಳಿಜಾರಾಗಿದ್ದರೆ ವಾಷರ್ ಇರುವುದಿಲ್ಲ, ಅದಕ್ಕೆ ಒಪ್ಪುವ ಬುಶ್ ಬೇರೆಯೇ. ಬುಶ್ ಉದ್ದವಾದರೆ ತುದಿ ದಹನಕೋಣೆಗೆ ಇಣುಕಿ, ಕಾದು ಕೆಂಡವಾಗಿ, ಕಿಡಿಗೆ ಮೊದಲೇ ಇಂಧನ ಹೊತ್ತಿಕೊಳ್ಳಬಹುದು. ಗಿಡ್ಡವಾದರೆ ಪ್ಲಗ್ಗಿನ ತುದಿಯ ಥ್ರೆಡ್ಡಿಗೆ ಆಸರೆ ತಪ್ಪಿ ಇಂಗಾಲ ಕಟ್ಟುತ್ತದೆ.

ಸಿದ್ಧತೆ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿದ ಕಾರಿನ ಮೇಲೆ ಬೆಳಿಗ್ಗೆ ಕೈ ಹಾಕಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಕಾಯಿಲ್‌ಗಳನ್ನು ತೆಗೆಯುವಾಗ ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಹಾಕಿ. ಬಾವಿಗಳಲ್ಲಿ ಕೂತ ಮಣ್ಣು, ಮರಳನ್ನು ಪ್ಲಗ್ ತೆಗೆಯುವ ಮೊದಲೇ ಗಾಳಿಯಿಂದ ಊದಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಬೇಕು.

ಬೇಕಾದ ಸಾಮಾನು: ಸರಿಯಾದ ಅಳತೆಯ ಕಿಟ್, ಎರಡೂ ಕೈಯಲ್ಲಿ ಹಿಡಿಯುವ ಟಿ ಆಕಾರದ ಹ್ಯಾಂಡಲ್, ಗಟ್ಟಿ ಗ್ರೀಸ್, ವ್ಯಾಕ್ಯೂಮ್ ಕ್ಲೀನರ್, ಅದರ ಮೂತಿಗೆ ಟೇಪಿನಿಂದ ಸುತ್ತಿದ ತೆಳು ಪ್ಲಾಸ್ಟಿಕ್ ಕೊಳವೆ, ಗಾಳಿಯ ಕಂಪ್ರೆಸರ್, ಕ್ಯಾಮೆರಾ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ಬಟ್ಟೆ, ಹೊಸ ಪ್ಲಗ್. ಆಯಸ್ಕಾಂತ ಇಲ್ಲಿ ನಿಷ್ಪ್ರಯೋಜಕ. ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ.

ಎಲ್ಲ ಪ್ಲಗ್‌ಗಳನ್ನೂ ತೆಗೆದರೆ ಪಿಸ್ಟನ್‌ಗಳನ್ನು ಆಡಿಸುವ ಕ್ರ್ಯಾಂಕ್ ಸಲೀಸಾಗಿ ತಿರುಗುತ್ತದೆ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಕೊಟ್ಟು ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಈಗ ಪಿಸ್ಟನ್ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ. ಇದರಲ್ಲಿ ಮೆಕ್ಯಾನಿಕ್‌ಗಳಲ್ಲೇ ಮತಭೇದವಿದೆ. ಎಕ್ಸಾಸ್ಟ್ ವಾಲ್ವ್ ತೆರೆದಿಟ್ಟು ಚೂರನ್ನು ಗಾಳಿಯಿಂದ ಎಕ್ಸಾಸ್ಟ್ ಕಡೆಗೆ ಊದಿಬಿಡಿ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದೇ ಒಂದು ಚೂರು ವಾಲ್ವ್ ಸೀಟಿನ ಮೇಲೆ ನಿಂತರೆ ವಾಲ್ವ್ ಮುಚ್ಚುವುದಿಲ್ಲ. ಆಮೇಲೆ ಕಂಪ್ರೆಷನ್ ಏಕೆ ಇಲ್ಲವೆಂದು ಹುಡುಕುತ್ತಾ ಕೂರಬೇಕು. ಎರಡೂ ಬಗೆಯ ವಾಲ್ವ್ ಮುಚ್ಚಿರುವಾಗ ಕೆಲಸ ಮಾಡುವುದು ಕ್ಷೇಮ.

ಆ ಸ್ಥಾನ ಹುಡುಕುವುದು ಹೀಗೆ. ಉದ್ದನೆಯ ರಬ್ಬರ್ ಪೈಪಿನ ಒಂದು ತುದಿಯನ್ನು ಪ್ಲಗ್ ರಂಧ್ರಕ್ಕೆ ಬಿಗಿಯಾಗಿ ಒತ್ತಿ, ಇನ್ನೊಂದು ತುದಿಗೆ ಹೆಬ್ಬೆರಳು ಹಿಡಿಯಿರಿ. ಕ್ರ್ಯಾಂಕ್ ತಿರುಗಿಸುತ್ತಿರುವಾಗ ಬೆರಳನ್ನು ಗಾಳಿ ಒತ್ತಾಗಿ ತಳ್ಳಲು ಶುರುಮಾಡಿತು ಎಂದರೆ ಪಿಸ್ಟನ್ ಕಂಪ್ರೆಷನ್ ಹೊಡೆತದಲ್ಲಿ ಮೇಲೇರುತ್ತಿದೆ, ವಾಲ್ವ್‌ಗಳು ಮುಚ್ಚಿವೆ, ಪಿಸ್ಟನ್ ಇನ್ನೂ ಸಾಕಷ್ಟು ಕೆಳಗಿದೆ. ಅಲ್ಲೇ ನಿಲ್ಲಿಸಿ. ಮುರಿಯದ ಪ್ಲಾಸ್ಟಿಕ್ ಕಡ್ಡಿ ಇಳಿಸಿ, ಪ್ಲಗ್ ಸೀಟಿನಿಂದ ಪಿಸ್ಟನ್ ತಲೆಗೆ ಎಷ್ಟು ದೂರವಿದೆ ಎಂದು ಅಳೆಯಿರಿ. ಟ್ಯಾಪಿನ ತುದಿ ದಹನಕೋಣೆಯೊಳಗೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚೇ ಇಳಿಯಬಹುದು. ಪಿಸ್ಟನ್ನಿಗೆ ಅದು ತಾಗುವಂತಿಲ್ಲ. ಅಂತರ ಸಾಕು ಎನಿಸಿದರೆ ಕಾರನ್ನು ಗೇರಿಗೆ ಹಾಕಿ ಕ್ರ್ಯಾಂಕ್ ಅಲುಗದಂತೆ ಮಾಡಿ. ಟ್ಯಾಪ್ ಎಲ್ಲಿಯವರೆಗೆ ಇಳಿಯಬೇಕೋ ಆ ಎತ್ತರಕ್ಕೆ ಅದರ ಮೇಲೆ ಟೇಪಿನ ಗುರುತು ಸುತ್ತಿ. ಪಕ್ಕದ ಸಿಲಿಂಡರ್‌ಗಳ ಪ್ಲಗ್‌ಗಳನ್ನು ಕೈಯಲ್ಲೇ ತಿರುಗಿಸಿ ವಾಪಸ್ ಕೂರಿಸಿ. ಏಕೆಂದು ಈಗ ಹೇಳುತ್ತೇನೆ.

ನೇರ ಇಳಿಸುವುದು

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಟಿ ಹ್ಯಾಂಡಲ್ ಇರಲಿಲ್ಲ. ರ್‍ಯಾಚೆಟ್ಟಿನಲ್ಲೇ ಟ್ಯಾಪ್ ತಿರುಗಿಸಿದೆ. ಒಂದೇ ಬದಿಯಿಂದ ಎಳೆಯುವ ರ್‍ಯಾಚೆಟ್ ಟ್ಯಾಪನ್ನು ಗೊತ್ತಾಗದಂತೆ ಆ ಕಡೆಗೇ ವಾಲಿಸಿತು. ಬುಶ್ ಕೂತಿತು, ಪ್ಲಗ್ಗೂ ಬಿಗಿಯಾಯಿತು. ಎಂಜಿನ್ ಓಡಿಸಿದರೆ ಅದೇ ಟಿಕ್ ಟಿಕ್. ತೆಗೆದು ನೋಡಿದಾಗ ವಾಷರಿನ ಅರ್ಧ ಭಾಗ ಮಾತ್ರ ಒತ್ತಿತ್ತು, ಉಳಿದರ್ಧ ಹೊಸದರಂತೆ ಹೊಳೆಯುತ್ತಿತ್ತು. ಕೊನೆಗೆ ಹೆಡ್ ಇಳಿಸಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಹಾಗಾಗಿ ಎರಡೂ ಕೈಯಿಂದ ಸಮನಾಗಿ ತಿರುಗಿಸುವ ಹ್ಯಾಂಡಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬಾವಿ ಆಳವಾಗಿದ್ದರೆ ಎಕ್ಸ್‌ಟೆನ್ಷನ್ ರಾಡ್ ಬೇಕಾಗುತ್ತದೆ. ಅದರ ಕೀಲು ಸಡಿಲವಿದ್ದರೆ ಟೇಪ್ ಸುತ್ತಿ ಅಲುಗಾಟ ತೆಗೆಯಿರಿ. ಇನ್ನು ಪಕ್ಕದ ಪ್ಲಗ್ಗಿನ ಉಪಯೋಗ: ಅದರ ಮೇಲೂ ಒಂದು ಸಾಕೆಟ್ ಮತ್ತು ಉದ್ದನೆಯ ಎಕ್ಸ್‌ಟೆನ್ಷನ್ ಕೂರಿಸಿ ಬಿಡಿ. ಸಾಲಿನ ಎಂಜಿನ್‌ನಲ್ಲಿ ಪ್ಲಗ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ಕೋನದಲ್ಲಿರುತ್ತವೆ. ನಿಮ್ಮ ಟ್ಯಾಪಿನ ರಾಡ್ ಆ ರಾಡಿಗೆ ಸಮಾನಾಂತರವಾಗಿ ಕಂಡರೆ ನೇರವಿದೆ. ಎದುರಿನಿಂದ ಒಮ್ಮೆ, ಬದಿಯಿಂದ ಒಮ್ಮೆ ನೋಡಿ. ಯಾವ ಅಳತೆಪಟ್ಟಿಯೂ ಆ ಇಕ್ಕಟ್ಟಿನಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಕಿಟ್‌ನಲ್ಲಿ ಎರಡು ಹಂತದ ಟ್ಯಾಪ್ ಇದ್ದರೆ ಅದೃಷ್ಟ. ಅದರ ಕೆಳಭಾಗ ಮೂಲ ಥ್ರೆಡ್ಡಿನ ಅಳತೆಯದು, ಉಳಿದಿರುವ ಹಳೆಯ ಸುತ್ತುಗಳನ್ನು ಹಿಡಿದುಕೊಂಡು ದಾರಿ ತೋರಿಸುತ್ತದೆ; ಮೇಲ್ಭಾಗ ದೊಡ್ಡ ಥ್ರೆಡ್ ಕೊರೆಯುತ್ತದೆ. ಕೆಳಗಿನ ಕೆಲವು ಸುತ್ತುಗಳಾದರೂ ಉಳಿದಿದ್ದರೆ ಟ್ಯಾಪ್ ತಾನಾಗಿ ನೇರ ನಿಲ್ಲುತ್ತದೆ. ಬೇರೆ ಕಿಟ್‌ಗಳಲ್ಲಿ ಮೊದಲು ರಂಧ್ರ ಅಗಲಿಸುವ ರೀಮರ್ ಅಥವಾ ಡ್ರಿಲ್, ಆಮೇಲೆ ಟ್ಯಾಪ್, ಬುಶ್ಶಾದರೆ ಅದರ ಅಂಚು ಕೂರಲು ಮೆಟ್ಟಿಲು ಕೊರೆಯುವ ಕಟ್ಟರ್ ಇರುತ್ತವೆ. ಕ್ರಮ ಕಿಟ್ಟಿನಿಂದ ಕಿಟ್ಟಿಗೆ ಬೇರೆ. ಜೊತೆಗೆ ಬಂದ ಹಾಳೆಯ ಮಾತನ್ನು ಮೀರಬೇಡಿ. ಡ್ರಿಲ್ ಇದ್ದರೂ ಮೋಟಾರಿಗೆ ಹಾಕಬೇಡಿ, ಕೈಯಲ್ಲೇ ತಿರುಗಿಸಿ. ಮೆತ್ತಗಿನ ಲೋಹದಲ್ಲಿ ಮೋಟಾರ್ ಒಂದು ಸೆಕೆಂಡಿನಲ್ಲಿ ಮಾಡುವ ತಪ್ಪನ್ನು ತಿದ್ದಲು ಹೆಡ್ ಇಳಿಸಬೇಕಾಗುತ್ತದೆ.

ಕೊರೆಯುವುದು, ಚೂರು ಹಿಡಿಯುವುದು

ಟ್ಯಾಪಿನ ಉದ್ದಕ್ಕೂ ಇರುವ ಕಾಲುವೆಗಳಿಗೆ ಗಟ್ಟಿ ಗ್ರೀಸ್ ತುಂಬಿ. ಎಣ್ಣೆಯಲ್ಲ, ಗ್ರೀಸ್. ಕತ್ತರಿಸಿದ ಚೂರು ಗ್ರೀಸಿಗೆ ಅಂಟಿ ಟ್ಯಾಪಿನ ಜೊತೆಗೇ ಮೇಲೆ ಬರಬೇಕು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಹಿಂದಕ್ಕೆ ತಿರುಗಿಸಿದಾಗ ಚೂರು ಮುರಿಯುವ ಸಣ್ಣ ‘ಕಟ್’ ಕೈಗೆ ಗೊತ್ತಾಗುತ್ತದೆ. ಎರಡು ಸುತ್ತು ಇಳಿದ ಕೂಡಲೇ ಟ್ಯಾಪನ್ನು ಪೂರ್ತಿ ಹೊರತೆಗೆದು, ಬಟ್ಟೆಯಿಂದ ಒರೆಸಿ, ಹೊಸ ಗ್ರೀಸ್ ತುಂಬಿ ಮತ್ತೆ ಇಳಿಸಿ. ಹೀಗೆ ಹೊರತೆಗೆದಾಗಲೆಲ್ಲ ಕೋನವನ್ನೂ ನೋಡಿಕೊಳ್ಳಿ.

ಬೇಸರದ ಕೆಲಸ, ನಿಜ. ಹತ್ತು ಹನ್ನೆರಡು ಸಲ ಒರೆಸಬೇಕಾದೀತು. ಐದನೆಯ ಸಲಕ್ಕೆ ‘ಇನ್ನೇನು ಸ್ವಲ್ಪ ಇದೆ, ಒಂದೇ ಏಟಿಗೆ ಇಳಿಸಿಬಿಡೋಣ’ ಎಂದು ಮನಸ್ಸು ಹೇಳುತ್ತದೆ. ಚೂರು ಸಿಲಿಂಡರಿಗೆ ಬೀಳುವುದು ಆಗಲೇ, ಏಕೆಂದರೆ ಟ್ಯಾಪಿನ ತುದಿ ದಹನಕೋಣೆಯನ್ನು ಮುಟ್ಟುವ ಹೊತ್ತೂ ಅದೇ. ಕೊನೆಯ ಸುತ್ತುಗಳಲ್ಲಿ ಎರಡರ ಬದಲು ಒಂದೊಂದೇ ಸುತ್ತಿಗೆ ಹೊರತೆಗೆಯಿರಿ. ಟೇಪಿನ ಗುರುತು ಬಂದಾಗ ನಿಲ್ಲಿಸಿ.

ಎಷ್ಟೇ ಎಚ್ಚರ ವಹಿಸಿದರೂ ಒಂದೆರಡು ಚೂರು ಒಳಗೆ ಬಿದ್ದೇ ಬೀಳುತ್ತವೆ ಎಂದು ಎಣಿಸಿ ಮುಂದುವರಿಯಿರಿ. ತೆಳು ಕೊಳವೆ ಸಿಕ್ಕಿಸಿದ ವ್ಯಾಕ್ಯೂಮನ್ನು ರಂಧ್ರದೊಳಗೆ ಇಳಿಸಿ, ಪಿಸ್ಟನ್ ತಲೆಯ ಮೇಲೆಲ್ಲ ಆಡಿಸಿ. ಒಂದು ಎಚ್ಚರಿಕೆ: ಪೆಟ್ರೋಲ್ ವಾಸನೆ ಇದ್ದರೆ, ಅಥವಾ ಈಗಷ್ಟೇ ಕ್ಲೀನರ್ ಸ್ಪ್ರೇ ಹೊಡೆದಿದ್ದರೆ ವ್ಯಾಕ್ಯೂಮ್ ಹಚ್ಚಬೇಡಿ. ಅದರ ಮೋಟಾರಿನ ಕಿಡಿ ಆವಿಗೆ ತಗುಲಿದರೆ ಬೆಂಕಿ. ಒಳಗು ಪೂರ್ತಿ ಒಣಗಿದ ಮೇಲೆಯೇ ಈ ಕೆಲಸ. ವ್ಯಾಕ್ಯೂಮಿಗೆ ಬಾರದೆ ಅಂಟಿಕೊಂಡ ಚೂರನ್ನು ಕಡ್ಡಿಯ ತುದಿಗೆ ಗ್ರೀಸ್ ಮೆತ್ತಿ ಎತ್ತಬಹುದು. ನಡುವೆ ಕ್ಯಾಮೆರಾ ಇಳಿಸಿ ನೋಡಿ, ಮತ್ತೆ ಎಳೆಯಿರಿ, ಮತ್ತೆ ನೋಡಿ. ಪಿಸ್ಟನ್ ಅಂಚು ಸಿಲಿಂಡರ್ ಗೋಡೆಯನ್ನು ಸೇರುವ ಸಂದನ್ನು ವಿಶೇಷವಾಗಿ ನೋಡಿ. ಅಲ್ಲಿ ಉಳಿದ ಚೂರು ಗೋಡೆಗೆ ಗೀರು ಹಾಕಬಲ್ಲದು.

ಶೇವಿಂಗ್ ಫೋಮ್ ತುಂಬಿ, ಪಿಸ್ಟನ್ ಮೇಲೇರಿಸಿ, ನೊರೆಯ ಜೊತೆ ಚೂರನ್ನೂ ಹೊರದೂಡುವ ಉಪಾಯವೊಂದು ಚಾಲ್ತಿಯಲ್ಲಿದೆ. ನೋಡಲು ಮಜವಾಗಿದೆ. ಸಿಲಿಂಡರಿನೊಳಗೆ ನೀರಿನಂಶ ಬಿಡುವುದು ನನಗೆ ಸರಿಬರದ ಕಾರಣ ನಾನು ಮಾಡುವುದಿಲ್ಲ.

ಕೊನೆಗೆ ಹೊಸ ಥ್ರೆಡ್ಡಿನ ಗೋಡೆಯಿಂದ ಗ್ರೀಸ್ ಒಂದಿಷ್ಟೂ ಉಳಿಯದಂತೆ ಬ್ರೇಕ್ ಕ್ಲೀನರ್ ತೋಯಿಸಿದ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಸ್ಪ್ರೇ ಮಾಡಿ, ರಂಧ್ರಕ್ಕಲ್ಲ.

ಬುಶ್ ಕೂರಿಸುವುದು

ಅಂಟಿಲ್ಲದೆ ಒಮ್ಮೆ ಒಣಗಾಗಿ ಇಳಿಸಿ ನೋಡಿ. ಬುಶ್ ತಡೆಯಿಲ್ಲದೆ ಇಳಿದು ಅಂಚು ಮೆಟ್ಟಿಲಿಗೆ ಕೂರಬೇಕು. ಹಾಗಾಗದಿದ್ದರೆ ಟ್ಯಾಪ್ ಪೂರ್ತಿ ಇಳಿದಿಲ್ಲ ಎಂದರ್ಥ. ಸರಿಯಿದ್ದರೆ ತೆಗೆದು, ಕಿಟ್ ಹೇಳಿದ್ದರೆ ಹೊರಗಿನ ಥ್ರೆಡ್ಡಿಗೆ ಹೆಚ್ಚು ಶಾಖ ತಾಳುವ ಲಾಕಿಂಗ್ ದ್ರವವನ್ನು ಒಂದೆರಡು ಹನಿ ಸವರಿ. ಸಾಮಾನ್ಯ ಬೋಲ್ಟಿಗೆ ಹಾಕುವ ನೀಲಿ ದ್ರವ ಇಲ್ಲಿಯ ಶಾಖಕ್ಕೆ ನಿಲ್ಲುವುದಿಲ್ಲ. ಒಳಗಿನ ಥ್ರೆಡ್ಡಿಗೆ ಅದು ತಾಗಕೂಡದು.

ಕೂರಿಸುವ ಡ್ರೈವರಿಗೆ ಎಣ್ಣೆ ಹಚ್ಚಿ, ಬುಶ್ಶನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿ. ಬುಶ್ಶಿನ ತಳದ ಕೆಲವು ಸುತ್ತುಗಳನ್ನು ತಯಾರಕರು ಬೇಕೆಂದೇ ಪೂರ್ತಿ ರೂಪಿಸಿರುವುದಿಲ್ಲ. ಅಂಚು ಕೂತ ಮೇಲೂ ಡ್ರೈವರನ್ನು ತಿರುಗಿಸುತ್ತಾ ಹೋದರೆ ಅದು ಆ ಸುತ್ತುಗಳನ್ನು ಹೊರಕ್ಕೆ ಒತ್ತಿ ಹೆಡ್ಡಿನ ಲೋಹಕ್ಕೆ ಬಿಗಿಯುತ್ತದೆ. ಆಗ ಕೈಗೆ ಬಿಗಿ ಏರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸಡಿಲವಾಗುತ್ತದೆ. ಹೊಸಬರು ಮತ್ತೆ ಥ್ರೆಡ್ ಹೋಯಿತು ಎಂದು ಗಾಬರಿಯಾಗುವುದು ಇಲ್ಲೇ. ಹೆದರಬೇಡಿ, ಬುಶ್ ಬಂಧಿಯಾಯಿತು ಎಂಬುದರ ಗುರುತು ಅದು.

ಸುರುಳಿಯಾದರೆ ಕ್ರಮ ಸ್ವಲ್ಪ ಬೇರೆ. ಕೂರಿಸುವ ಸಾಧನಕ್ಕೆ ಸಿಕ್ಕಿಸಿ, ಮೇಲಿನಿಂದ ಒತ್ತದೆ ಬರಿಯ ತಿರುಗಿಸಿ. ಮೇಲಿನ ತುದಿ ಸೀಟಿನ ಮಟ್ಟಕ್ಕಿಂತ ಅರ್ಧದಿಂದ ಒಂದು ಸುತ್ತು ಕೆಳಗೆ ನಿಲ್ಲಬೇಕು, ಇಲ್ಲದಿದ್ದರೆ ಪ್ಲಗ್ ಸೀಟಿಗೆ ಪೂರ್ತಿ ಒತ್ತುವುದಿಲ್ಲ. ಸುರುಳಿಯ ತಳದಲ್ಲಿ ಅಡ್ಡ ಬಾಲ ಇದ್ದರೆ ಅದನ್ನು ಮುರಿದು ತೆಗೆಯಲೇಬೇಕು. ಬೋಲ್ಟ್ ರಂಧ್ರದಲ್ಲಿ ಮಾಡುವಂತೆ ಅದನ್ನು ಕೆಳಕ್ಕೆ ಬಡಿದು ಬೀಳಿಸಬೇಡಿ. ಉದ್ದ ಮೂಗಿನ ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದು, ಮೇಲೆ ಕೆಳಗೆ ಬಾಗಿಸಿ ಮುರಿದು, ಹಿಡಿದ ಇಕ್ಕಳದಲ್ಲೇ ಹೊರತನ್ನಿ.

ಲಾಕಿಂಗ್ ದ್ರವ ಬಳಸಿದ್ದರೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ.

ಪ್ಲಗ್ ಹಾಕುವುದು

ಇನ್ನೊಮ್ಮೆ ಕ್ಯಾಮೆರಾ ಇಳಿಸಿ ನೋಡಿ. ಚೂರು ಕಾಣದಿದ್ದರೆ, ಗೇರ್ ಮತ್ತೆ ನ್ಯೂಟ್ರಲ್‌ಗೆ ತಂದು, ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಸಂಪರ್ಕ ಬಿಚ್ಚಿಟ್ಟು, ಬ್ಯಾಟರಿಯ ತಂತಿ ಮರಳಿ ಜೋಡಿಸಿ, ಪ್ಲಗ್‌ಗಳಿಲ್ಲದೆ ಸ್ಟಾರ್ಟರನ್ನು ಎರಡು ಮೂರು ಸೆಕೆಂಡ್ ತಿರುಗಿಸಿ. ರಂಧ್ರದ ಮೇಲೆ ಸಡಿಲವಾಗಿ ಬಟ್ಟೆ ಹಾಸಿ, ಮುಖ ದೂರವಿಡಿ. ಬಟ್ಟೆಗೆ ಏನಾದರೂ ಅಂಟಿದೆಯೇ ನೋಡಿ. ವ್ಯಾಕ್ಯೂಮ್ ಮಾಡದೆ ನೇರ ಈ ಹಂತಕ್ಕೆ ಬರಬೇಡಿ.

ಹಳೆಯ ಪ್ಲಗ್ಗನ್ನು ಹೊಸ ಬುಶ್ಶಿಗೆ ಹಾಕಬೇಡಿ. ಅದರ ಥ್ರೆಡ್ಡಿನಲ್ಲಿ ಅಲ್ಯೂಮಿನಿಯಂ ಮೆತ್ತಿರುತ್ತದೆ. ಹೊಸ ಪ್ಲಗ್ಗಿನ ಮೇಲ್ತುದಿಗೆ ಒಂದು ಗೇಣುದ್ದದ ರಬ್ಬರ್ ಪೈಪನ್ನು ಸಿಕ್ಕಿಸಿ, ಅದನ್ನೇ ಹಿಡಿದು ತಿರುಗಿಸಿ ಇಳಿಸಿ. ಪ್ಲಗ್ ಓರೆಯಾಗಿ ಹಿಡಿದರೆ ರಬ್ಬರ್ ಜಾರುತ್ತದೆ, ಥ್ರೆಡ್ ಕೆಡುವುದಿಲ್ಲ. ಸಾಕೆಟ್ ಹಿಡಿದ ಕೈಗೆ ಈ ವಿವೇಕ ಇರುವುದಿಲ್ಲ. ಪ್ಲಗ್ ಸೀಟಿಗೆ ತಾಗುವವರೆಗೂ ರಬ್ಬರಿನಲ್ಲೇ ಇಳಿಯಬೇಕು.

ಬಿಗಿಯ ಅಳತೆಗೆ ಕಾರಿನ ಕೈಪಿಡಿಯೇ ಪ್ರಮಾಣ. ಅದು ಕೈಗೆ ಸಿಗದಿದ್ದರೆ, ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್, ಇಳಿಜಾರು ಸೀಟಿನ 14 ಮಿ.ಮೀ. ಪ್ಲಗ್ಗಿಗೆ 10ರಿಂದ 20, ವಾಷರ್ ಇರುವ 12 ಮಿ.ಮೀ. ಪ್ಲಗ್ಗಿಗೆ 15ರಿಂದ 20 ಸಾಮಾನ್ಯ ಮಿತಿ. ಟಾರ್ಕ್ ರೆಂಚ್ ಇಲ್ಲದಿದ್ದರೆ, ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ಗನ್ನು ಕೈಬಿಗಿಯ ನಂತರ ಅರ್ಧದಿಂದ ಮೂರನೇ ಎರಡು ಸುತ್ತು. ಇಳಿಜಾರು ಸೀಟಿನದಕ್ಕೆ ಹದಿನಾರನೇ ಒಂದು ಸುತ್ತು ಮಾತ್ರ. ಥ್ರೆಡ್ಡಿಗೆ ಏನನ್ನೂ ಸವರಬೇಡಿ. ಜಾರುವ ಲೇಪ ಹಚ್ಚಿದರೆ ಅದೇ ಟಾರ್ಕ್ ಸಂಖ್ಯೆಗೆ ನಿಜವಾದ ಬಿಗಿ ಬಹಳ ಹೆಚ್ಚಾಗುತ್ತದೆ. ಮೊದಲ ಸಲ ಥ್ರೆಡ್ ಕಿತ್ತದ್ದಕ್ಕೆ ಎಷ್ಟೋ ಬಾರಿ ಇದೇ ಕಾರಣವಾಗಿರುತ್ತದೆ.

ಪರೀಕ್ಷೆ

ಈ ಪ್ಲಗ್ ಹಾಕುವ ಮೊದಲೇ ಕಂಪ್ರೆಷನ್ ಗೇಜ್ ಜೋಡಿಸಿ ಅಳೆದರೆ ಇನ್ನೂ ಒಳ್ಳೆಯದು. ಗೇಜಿನ ತಿರುಪೇ ಬುಶ್ಶಿನ ಥ್ರೆಡ್ಡಿಗೆ ಮೊದಲ ಪರೀಕ್ಷೆ. ಎಲ್ಲ ಸಿಲಿಂಡರ್‌ಗಳನ್ನೂ ಅಳೆದು ಹೋಲಿಸಿ. ಒಂದಕ್ಕೊಂದು ಹತ್ತು ಹದಿನೈದು ಶೇಕಡಾ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ದುರಸ್ತಿಯಾದ ಸಿಲಿಂಡರಿನದು ಇಷ್ಟಕ್ಕಿಂತ ಕೆಳಗಿದ್ದರೆ ಮೊದಲು ಬುಶ್ಶಿನ ಸುತ್ತ ಸಾಬೂನು ನೀರು. ಅಲ್ಲಿ ಗುಳ್ಳೆ ಇಲ್ಲದಿದ್ದರೆ ವಾಲ್ವ್ ಸೀಟಿನಲ್ಲಿ ಚೂರು ಕೂತಿರುವ ಅನುಮಾನ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಚಾಲೂ ಮಾಡಿ, ಬಿಸಿಯಾಗುವವರೆಗೆ ಐಡಲ್‌ನಲ್ಲೇ ಬಿಡಿ. ಕಿವಿಗೊಡಿ. ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ರೆಂಚನ್ನು ಅದೇ ಸಂಖ್ಯೆಗೆ ಇಟ್ಟು ಒಮ್ಮೆ ತಾಗಿಸಿ ನೋಡಿ. ಪ್ಲಗ್ ಅಲುಗದೆ ರೆಂಚ್ ‘ಟಕ್’ ಎಂದರೆ ಸರಿಯಿದೆ. ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ನಾನು ಇಂಥ ಕೆಲಸದ ನಂತರ ಅವಧಿಗೆ ಮೊದಲೇ ಬದಲಿಸುತ್ತೇನೆ. ಕಣ್ಣು ತಪ್ಪಿಸಿಕೊಂಡ ಹುಡಿ ಏನಾದರೂ ರಿಂಗ್ ದಾಟಿ ಕೆಳಗಿಳಿದಿದ್ದರೆ ಅದೂ ಹೋಗಲಿ ಎಂದು. ಮೊದಲ ಕೆಲವು ದಿನ ಪೂರ್ತಿ ವೇಗವರ್ಧಕ ಒತ್ತುವ ಓಟ ಬೇಡ.

ಕೊನೆಯ ಕೆಲಸ ಪೆನ್ನಿನದು. ಯಾವ ಸಿಲಿಂಡರಿಗೆ ಯಾವ ಬಗೆಯ ಬುಶ್ ಹಾಕಿದ್ದೀರಿ, ಉದ್ದ ಎಷ್ಟು, ದಿನಾಂಕ ಯಾವುದು, ಎಷ್ಟು ಬಿಗಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಕೈಪಿಡಿಯೊಳಗೆ ಇಡಿ. ಬಾನೆಟ್ಟಿನ ಒಳಬದಿಗೂ ಶಾಖ ತಾಳುವ ಸಣ್ಣ ಚೀಟಿ ಅಂಟಿಸಿ: ‘ಮೂರನೇ ಸಿಲಿಂಡರ್, ಉಕ್ಕಿನ ಬುಶ್ ಇದೆ, ತಣ್ಣಗಾದ ಮೇಲೆಯೇ ಬಿಚ್ಚಿ.’